ಆ ಹುಡುಗಿ ಸಿಕ್ಕಳೇನೋ?

ನಿನ್ನೆ ರಾತ್ರಿ ಹನ್ನೊಂದೂವರೆಗೆ ನೀವು ಎಂತ ಮಾಡ್ತಿದ್ರಿ, ಹೇಳ್ಲಾ? ಕೈಯಲ್ಲಿ ಕಂಟ್ರೋಲರು, ತೊಡೆ ಮೇಲೆ ಅವಲಕ್ಕಿ ಡಬ್ಬಿ, ಎದುರಿಗೆ ಟಿವಿ. ಟಿವಿಯೊಳಗೆ ಸಮುದ್ರ. ಸಮುದ್ರದ ಮಧ್ಯ ಒಂದಿಷ್ಟು ಪೀಪಾಯಿ ತೇಲ್ತಿತ್ತು. ನೀವು ದೋಣಿ ನಿಲ್ಲಿಸಿ, ಮುಳುಗು ಹಾಕಿ, ಅಡಿಯಲ್ಲಿದ್ದ ಪೆಟ್ಟಿಗೆ ತೆಗೆದು, ಒಳಗಿದ್ದ ಹಳೇ ಸಾಮಾನು ಬಾಚ್ಕೊಂಡು, ಮುಂದಿನ ಪೀಪಾಯಿಗೆ ಹೊರಟ್ರಿ. ಸುಳ್ಳು ಹೇಳ್ಬೇಡಿ ಮಾರಾಯ್ರೇ. ನಾನೂ ಅಲ್ಲೇ ಇದ್ದೆ. (ಪಕ್ಕದ ಪೀಪಾಯಿ ಹತ್ರ.)

ಗೇಮ್ ಆಡದೇ ಇರೋ ಪುಣ್ಯವಂತರಿಗೆ ಎರಡು ಮಾತು. ‘ದ ವಿಚರ್ 3’ ಅಂತ ಒಂದು ಗೇಮು, ಪೋಲೆಂಡಿನವರು 2015ರಲ್ಲಿ ತಂದಿದ್ದು. ಗೆರಾಲ್ಟ್ ಅನ್ನೋ ಬಿಳಿಕೂದಲಿನ ಭೂತಬೇಟೆಗಾರ, ಅವನು ಮಗಳ ಥರ ಬೆಳೆಸಿದ ಹುಡುಗಿ ಸಿರಿ. ಆ ಹುಡುಗಿ ಬೆನ್ನ ಹಿಂದೆ ಒಂದು ಪ್ರೇತಸವಾರರ ದಂಡೇ ಬಿದ್ದಿದೆ. ಗೆರಾಲ್ಟ್ ಹುಡುಕಿಕೊಂಡು ಹೊರಟಿದ್ದಾನೆ. ಒಂದು ಗಳಿಗೆ ತಡ ಆದ್ರೂ ಅನಾಹುತ ಅಂತ ಸಿಕ್ಕಿದವರೆಲ್ಲ ಅವನಿಗೆ ಹೇಳ್ತಾರೆ.

ಅವನನ್ನ ಕರ್ಕೊಂಡು ಹೋಗಿ ನೀವು ಎಂತ ಮಾಡಿಸ್ತೀರಿ? ಹೋಟೆಲಿನಲ್ಲಿ ಕೂರಿಸಿ ಗ್ವೆಂಟ್ ಅಂತ ಇಸ್ಪೀಟು ಆಡಿಸ್ತೀರಿ. ಸ್ಕೆಲ್ಲಿಗೆ ಅನ್ನೋ ದ್ವೀಪಗಳ ಸುತ್ತ ಇರೋ ಸಮುದ್ರದಲ್ಲಿ, ಮ್ಯಾಪ್ ತುಂಬ ಪ್ರಶ್ನಾರ್ಥಕ ಚಿಹ್ನೆ ಚೆಲ್ಲಿರ್ತಾವಲ್ಲ, ಅವನ್ನೆಲ್ಲ ಒಂದೊಂದಾಗಿ ಅಳಿಸ್ತಾ ಕೂರ್ತೀರಿ. ಬಹುಪಾಲು ಎಲ್ಲ ಕಳ್ಳಸಾಗಣೆಯವರು ಬಚ್ಚಿಟ್ಟ ಮಾಲು. ಮೊದಲನೇದು ತೆಗೆದಾಗ್ಲೇ ಒಳಗೆ ಎಂತ ಇರ್ತದೆ ಅಂತ ನಿಮಗೆ ಗೊತ್ತಾಗಿತ್ತು. ಆದ್ರೂ ಇಪ್ಪತ್ತನೇದಕ್ಕೆ ಹೋದ್ರಿ. ಯಾಕೆ?

ನನಗೆ ಈ ಪ್ರಶ್ನೆ ಕೇಳಿದ್ದು ನಮ್ಮಜ್ಜಿ. ನಾನು ಈ ಗೇಮ್ ಆಡ್ತಿದ್ದ ವರ್ಷ ಅಜ್ಜಿ ಲಕ್ಷಬತ್ತಿ ಹರಕೆ ಹೊತ್ತಿದ್ಲು. ಹೆಸರೇ ಹೇಳೋ ಹಾಗೆ ಒಂದು ಲಕ್ಷ ಬತ್ತಿ, ಎಲ್ಲಾ ಕೈಯಲ್ಲೇ ಹೊಸೀಬೇಕು. ಹತ್ತಿ ಗುಡ್ಡೆ ಹಾಕ್ಕೊಂಡು ನನ್ನ ಪಕ್ಕ ಕೂತು, ಬತ್ತಿ ಹೊಸೀತಾ, ನೂರಾದಾಗ ಒಂದು ಕಟ್ಟು ಕಟ್ಟಿ ಡಬ್ಬಕ್ಕೆ ಹಾಕ್ತಾ, ಟಿವಿ ನೋಡ್ತಿದ್ಲು. ಧಾರಾವಾಹಿ ಅಲ್ಲ, ನನ್ನ ಗೇಮು. (ಕರೆಂಟ್ ಇರೋ ಹೊತ್ತಲ್ಲಿ ರಿಮೋಟು ನನ್ನ ಹತ್ರ ಇರ್ತಿತ್ತು. ಪಾಪ, ಬೇರೆ ದಾರಿ ಇರ್ಲಿಲ್ಲ.)

“ಆ ಹುಡುಗಿ ಸಿಕ್ಕಳೇನೋ?”

“ಇಲ್ಲಜ್ಜಿ.”

“ಮತ್ತೆ ನೀರೊಳಗೆ ಎಂತ ಮಾಡ್ತಿದೀಯ?”

“ಪೆಟ್ಟಿಗೆ ತೆಗೀತಿದೀನಿ.”

“ಹುಡುಗಿ ಪೆಟ್ಟಿಗೇಲಿ ಇದಾಳಾ?”

ಇಲ್ಲ ಅಂದೆ. ಅಜ್ಜಿ ಮತ್ತೆಂತೂ ಕೇಳ್ಲಿಲ್ಲ. ಬತ್ತಿ ಹೊಸೀತಾ “ಹೂಂ” ಅಂದ್ಲು. ಆ ಹೂಂ ಇದೆಯಲ್ಲ, ನೂರು ರಿವ್ಯೂ ಬರೆಯೋ ಪಂಡಿತರು ಸೇರಿದ್ರೂ ಅಷ್ಟು ಚೊಕ್ಕ ತೀರ್ಪು ಕೊಡೋಕಾಗಲ್ಲ.

ಇದು ಒಂದು ಗೇಮಿನ ಕಥೆ ಅಂದ್ಕೋಬೇಡಿ. 2014ರಲ್ಲಿ ಕೆನಡಾದ ಬಯೋವೇರ್ ಕಂಪನಿ ‘ಡ್ರ್ಯಾಗನ್ ಏಜ್: ಇನ್‌ಕ್ವಿಜಿಷನ್’ ತಂತು. ಆಕಾಶವೇ ಹರಿದು ತೂತು ಬಿದ್ದಿದೆ, ತೂತಿನಿಂದ ಪಿಶಾಚಿಗಳು ಸುರೀತಾ ಇದಾವೆ, ಮುಚ್ಚೋ ಶಕ್ತಿ ಲೋಕದಲ್ಲಿ ನಿಮ್ಮ ಒಂದು ಅಂಗೈಗೆ ಮಾತ್ರ. ಸರಿ, ನೀವೇನು ಮಾಡಿದ್ರಿ? ಹಿಂಟರ್‌ಲ್ಯಾಂಡ್ಸ್ ಅನ್ನೋ ಮೊದಲನೇ ಬಯಲಿನಲ್ಲೇ ನಿಂತು, ಸೊಪ್ಪು ಕಿತ್ತು, ನಿರಾಶ್ರಿತರಿಗೆ ಊಟಕ್ಕೆ ಅಂತ ಟಗರು ಬೇಟೆಯಾಡಿದ್ರಿ. ಹತ್ತು ಪಾಲು ಮಾಂಸ, ಎಣಿಸಿ ಕೊಟ್ರಿ.

ಅಲ್ಲಿಂದ ಜನ ಏಳದೇ ಇದ್ದದ್ದು ಎಷ್ಟು ಅತಿಯಾಯ್ತು ಅಂದ್ರೆ, “ಹಿಂಟರ್‌ಲ್ಯಾಂಡ್ಸ್ ಬಿಟ್ಟು ಹೊರಡ್ರಪ್ಪಾ” ಅನ್ನೋದೇ ಹೊಸಬರಿಗೆ ಹಳಬರು ಕೊಡೋ ಮೊದಲ ಬುದ್ಧಿಮಾತಾಯ್ತು. ಮದುವೆಗೆ ಬಂದವರು ಬಾಗಿಲಲ್ಲಿ ಕೊಟ್ಟ ಪಾನಕ ಕುಡೀತಾ ಅಲ್ಲೇ ನಿಂತ್ರೆ, ಒಳಗೆ ಎಲೆ ಹಾಕಿದ್ದಾರೆ ಬನ್ನಿ ಅಂತ ಕರೀಬೇಕಲ್ಲ, ಹಾಗೆ.

‘ಫಾಲ್‌ಔಟ್ 4’ ಇನ್ನೂ ಚೆಂದ. 2287ನೇ ಇಸವಿ, ಅಣುಬಾಂಬು ಬಿದ್ದು ಹಾಳಾದ ಬಾಸ್ಟನ್. ನಿಮ್ಮ ಹಾಲುಗೂಸನ್ನ ಯಾರೋ ಕದ್ದೊಯ್ದಿದ್ದಾರೆ. ಹುಡುಕೋಣ ಅಂತ ಹೊರಟ್ರೆ ಪ್ರೆಸ್ಟನ್ ಗಾರ್ವಿ ಅನ್ನೋ ಟೋಪಿಯವ ಸಿಗ್ತಾನೆ. ನಿಮ್ಮನ್ನ ತನ್ನ ಪಡೆಗೆ ಜನರಲ್ ಅಂತ ಮಾಡ್ತಾನೆ. ಆಮೇಲೆ ನೀವು ಯಾವಾಗ ಮುಖ ತೋರಿಸಿದ್ರೂ ಇನ್ನೊಂದು ಊರಿನವರಿಗೆ ಸಹಾಯ ಬೇಕಂತೆ, ನಿಮ್ಮ ಮ್ಯಾಪಲ್ಲಿ ಗುರುತು ಹಾಕ್ತೀನಿ ಅಂತಾನೆ.

ಗಣೇಶೋತ್ಸವ ಸಮಿತಿಗೆ ನಿಮ್ಮನ್ನ ಅಧ್ಯಕ್ಷ ಮಾಡಿದ್ದು ನೆನಪಿದೆಯಾ? ಹಾರ ಹಾಕಿದ್ದು ಒಂದು ನಿಮಿಷ. ಆಮೇಲೆ ಶಾಮಿಯಾನದವನಿಗೆ ಫೋನು ಮಾಡಿದ್ದು, ಕುರ್ಚಿ ಹೊತ್ತಿದ್ದು, ರಸೀದಿ ಪುಸ್ತಕ ಹಿಡ್ಕೊಂಡು ಮನೆಮನೆ ತಿರುಗಿದ್ದು ಎಲ್ಲಾ ಅಧ್ಯಕ್ಷರೇ. ಕಾರ್ಯದರ್ಶಿ ಮಾತ್ರ ಕೂತಲ್ಲಿಂದಲೇ ಬೆರಳು ತೋರಿಸ್ತಿದ್ದ. ಗಾರ್ವಿ ಅಂದ್ರೆ ಅವನೇ.

ಇನ್ನು ಜಪಾನಿನ ನಿಂಟೆಂಡೋದವರ ‘ಬ್ರೆತ್ ಆಫ್ ದ ವೈಲ್ಡ್’ (2017). ರಾಜಕುಮಾರಿ ಜೆಲ್ಡಾ ಅರಮನೆಯೊಳಗೆ ಒಬ್ಬಳೇ ನಿಂತು ನೂರು ವರ್ಷದಿಂದ ರಾಕ್ಷಸನ್ನ ತಡೆದು ಹಿಡ್ಕೊಂಡಿದ್ದಾಳೆ. (ನೂರು ವರ್ಷ ತಡೆದವಳಿಗೆ ಇನ್ನೆರಡು ತಿಂಗಳು ಯಾವ ಲೆಕ್ಕ, ಅಲ್ದಾ?) ನೀವು ಗುಡ್ಡ ಹತ್ತಿ ಕಲ್ಲು ಎತ್ತಿ ನೋಡ್ತಾ ಇದೀರಿ. ಅಡಿಯಿಂದ ಎಲೆ ಮುಖದ ಮರಿಭೂತ ಒಂದು “ಯಾಹಹಾ!” ಅಂತ ನೆಗೆದು ಒಂದು ಬೀಜ ಕೊಡ್ತದೆ.

ಇಂಥ ಬೀಜ ಒಟ್ಟು 900. ಸಾಮಾನು ಇಟ್ಕೊಳ್ಳೋ ಜಾಗ ಪೂರ್ತಿ ದೊಡ್ಡದು ಮಾಡಿಸ್ಕೊಳ್ಳೋಕೆ 441 ಸಾಕು. ಉಳಿದ 459? ಅವನ್ನೂ ಹುಡುಕಿ, 900 ಪೂರ್ತಿ ಮಾಡಿ ಹೆಸ್ಟು ಅನ್ನೋ ದಪ್ಪ ಭೂತಕ್ಕೆ ಕೊಟ್ರೆ ಬಹುಮಾನ ಉಂಟು. ಎಂತದು ಗೊತ್ತಾ? ಬಂಗಾರದ ಬಣ್ಣದ ಒಂದು ಮುದ್ದೆ. ಮುದ್ದೆ ಅಂದೆನಲ್ಲ, ರಾಗಿಮುದ್ದೆ ಅಲ್ಲ. ಬೆಳಿಗ್ಗೆ ಎದ್ದು ನಾವೆಲ್ಲ ವಿಸರ್ಜನೆ ಮಾಡೋ ಮುದ್ದೆ. ಅದರ ಉಪಯೋಗ ಅಂದ್ರೆ, ಅದನ್ನ ಇಟ್ಕೊಂಡ್ರೆ ಹೆಸ್ಟು ನೀವು ಕೇಳಿದಾಗೆಲ್ಲ ಕುಣೀತಾನೆ. ಇದಕ್ಕಿಂತ ನೇರವಾಗಿ ನಿಂಟೆಂಡೋದವರು ನಿಮಗೆ ಎಂತ ಹೇಳ್ಬೇಕಿತ್ತು?

ನೀವು ಅರ್ಥ ಮಾಡ್ಕೊಂಡ್ರಾ? 2023ರಲ್ಲಿ ಮುಂದಿನ ಭಾಗ ಬಂತು, ಅದರಲ್ಲಿ ಬೀಜ 1,000. ಮತ್ತೆ ಕಲ್ಲು ಎತ್ತೋಕೆ ಹೋದ್ರಿ.

ಹಳೇ ಕೇಸೂ ಒಂದಿದೆ. 2007ರ ಮೊದಲನೇ ‘ಅಸ್ಯಾಸಿನ್ಸ್ ಕ್ರೀಡ್’ನಲ್ಲಿ ಡಮಾಸ್ಕಸ್ಸು, ಜೆರುಸಲೇಮು, ಏಕರ್ ಪಟ್ಟಣದ ಮಾಡುಗಳ ಮೇಲೆಲ್ಲ, ಪಟ್ಟಣಗಳ ಹೊರಗೂ ಬಾವುಟ ಸಿಗಿಸಿಟ್ಟಿದ್ರು. ಎಲ್ಲಾ ಕೂಡಿಸಿದ್ರೆ ಎಷ್ಟು ಗೊತ್ತಾ? 420! ನಾನು ಕಟ್ಟಿ ಹೇಳ್ತಿಲ್ಲ, ಲೆಕ್ಕ ಹಾಕಿ ನೋಡಿ. ಅಷ್ಟೂ ಕೂಡಿಸಿದವನಿಗೆ ಕಥೆಯೊಳಗೆ ಕತ್ತಿಯೂ ಇಲ್ಲ, ಕವಚವೂ ಇಲ್ಲ. ಚಾರ್‌ಸೋಬೀಸ್ ಅಂದ್ರೆ ಇನ್ನೇನು? (ಈಗ ಕಾಯ್ದೆ ಬದಲಾಗಿ 2024ರಿಂದ ಮೋಸದ ಕಲಮು 318 ಆಗಿದೆ. ಆದ್ರೆ “ನೀನೊಬ್ಬ 318” ಅಂತ ಬೈದ್ರೆ ಯಾರಿಗೂ ಸಿಟ್ಟು ಬರಲ್ಲ, ಅದೇ ತೊಂದರೆ.)

ಈಗ ನಿಮ್ಮ ಬಾಯಲ್ಲಿ ಬರೋ ಮಾತು ನನಗೆ ಗೊತ್ತು. ತಪ್ಪು ಗೇಮ್ ಮಾಡೋರದ್ದು, ಉದ್ದ ಎಳೀತಾರೆ, ಹಾಲಿಗೆ ನೀರು ಹಾಕ್ತಾರೆ. ನಿಜವೇ. ಆದ್ರೆ ಹಾಲು ಕೊಳ್ಳೋಕೆ ಹೋದಾಗ ನೀವು ಕೇಳೋ ಮೊದಲ ಪ್ರಶ್ನೆ ಯಾವುದು? “ಎಷ್ಟು ಗಂಟೆ ಆಟ ಉಂಟು ಇದರಲ್ಲಿ?” ನಾಲ್ಕು ಸಾವಿರ ರೂಪಾಯಿ ಕೊಟ್ಟ ಮೇಲೆ ನೂರು ಗಂಟೆ ಆದ್ರೂ ಬರ್ಬೇಡ್ವಾ ಅಂತೀರಿ. ಗೇಮ್ ಅನ್ನೋದನ್ನ ಬೆಡ್‌ಶೀಟ್ ಥರ ಬಾಳಿಕೆ ನೋಡಿ ಕೊಂಡ್ರೆ, ಅವರೂ ಅಳೆದೇ ಕೊಡ್ತಾರೆ.

ಅಳೆದು ಕೊಡೋದರಲ್ಲಿ ಅಮೆರಿಕದ ಬೆಥೆಸ್ಡಾದವರು ಹಳೇ ಕುಳ. 1996ರಲ್ಲೇ ‘ಡ್ಯಾಗರ್‌ಫಾಲ್’ ಅಂತ ಒಂದು ಮಾಡಿದ್ರು. ಅದರಲ್ಲಿ ಊರು, ಕೇರಿ, ಗುಹೆ ಎಲ್ಲಾ ಸೇರಿ ಸುಮಾರು 15,000. ಹೆಚ್ಚಿನದ್ದು ಮನುಷ್ಯರು ಕೂತು ಕಟ್ಟಿದ್ದಲ್ಲ, ಕಂಪ್ಯೂಟರ್ ಲೆಕ್ಕ ಹಾಕಿ ಹೆತ್ತಿದ್ದು. 2011ರ ‘ಸ್ಕೈರಿಮ್’ ಹೊತ್ತಿಗೆ ಅದಕ್ಕೆ ‘ರೇಡಿಯಂಟ್’ ಅಂತ ಹೆಸರಿಟ್ಟು ಒಂದು ಏರ್ಪಾಟು ಮಾಡಿದ್ರು. ನೀವಿನ್ನೂ ಹೋಗದೇ ಇರೋ ಜಾಗ ಒಂದನ್ನ ಯಂತ್ರವೇ ಆರಿಸಿ, ಅಲ್ಲಿಗೆ ಒಂದು ಕೆಲಸ ಅಂಟಿಸಿ ನಿಮ್ಮ ಕೈಗೆ ಕೊಡ್ತದೆ. ಮುಗಿಸಿ ಬಂದ್ರೆ ಮತ್ತೊಂದು. ಕೊನೆ ಅನ್ನೋದೇ ಇಲ್ಲ.

ಅಲ್ಲಿ ಕಳ್ಳರ ಸಂಘದಲ್ಲಿ ಒಬ್ಬ ಹುಡುಗ ಎರಡು ವಾರ ಕೆಲಸ ಮಾಡಿದ. ಎಷ್ಟು ಮಾಡಿದ್ರೂ ಮುಗೀತಿಲ್ವಲ್ಲ, ಎಲ್ಲೋ ತಪ್ಪಿರಬೇಕು ಅಂತ ಮತ್ತೆ ಮತ್ತೆ ಮಾಡಿದ. ಆ ಹುಡುಗನ ಹೆಸರು ಹೇಳಲ್ಲ. ಈ ಹರಟೆ ಬರೀತಿರೋನು ಅವನೇ.

ಚಟ ಹಳೇದು ನೋಡಿ. 2002ರ ‘ವೈಸ್ ಸಿಟಿ’ ನೆನಪಿದೆಯಾ? ಬ್ರೌಸಿಂಗ್ ಸೆಂಟರಿನ ಬಿಸಿ ಕುರ್ಚಿ, ಗಂಟೆಗೆ ಇಷ್ಟು ಅಂತ ಮುಂಗಡ ಕಾಸು, ಹಿಂದೆ ನಿಂತು ಸಲಹೆ ಕೊಡೋ ನಾಲ್ಕು ಜನ. ಅದರಲ್ಲಿ ಒಂದು ಸ್ಕೂಟರ್ ಹತ್ತಿದ್ರೆ ಪಿಜ್ಜಾ ಹಂಚೋ ಕೆಲಸ ಸಿಗ್ತಿತ್ತು. ಆಂಬುಲೆನ್ಸ್ ಹತ್ತಿದ್ರೆ ರೋಗಿಗಳನ್ನ ಆಸ್ಪತ್ರೆಗೆ ಸಾಗಿಸೋದು. ಅಂದ್ರೆ ಕೈಯಿಂದ ದುಡ್ಡು ಕೊಟ್ಟು, ಕ್ಯೂ ನಿಂತು, ಪಿಜ್ಜಾ ಹಂಚಿದ ಮೊದಲ ತಲೆಮಾರು ನಮ್ಮದು. ಆಗ ನಮ್ಮಲ್ಲಿ ಅರ್ಧ ಜನ ಪಿಜ್ಜಾ ತಿಂದೇ ಇರ್ಲಿಲ್ಲ.

ಅದೇ ಹೊತ್ತಿಗೆ ಮನೇಲಿ ಅಮ್ಮ “ಒಂದು ಕಟ್ಟು ಕೊತ್ತಂಬರಿ ತಂದ್ಕೊಡು” ಅಂದ್ರೆ? ಕಿವಿ ಕೇಳ್ತಿರ್ಲಿಲ್ಲ. ಈಗಲೂ ಕೇಳಲ್ಲ, ಅಲ್ದಾ? ತಪ್ಪು ಅಮ್ಮಂದೇ ಇರಬೇಕು. ಕೊತ್ತಂಬರಿ ತಂದು ಕೊಟ್ಟಾಗ ‘ಠಣ್’ ಅಂತ ಶಬ್ದ ಬಂದು, ನೆತ್ತಿ ಮೇಲೆ ‘+50’ ಅಂತ ಮೂಡಿ, ಪಟ್ಟಿಯಿಂದ ಆ ಸಾಲು ಅಳಿಸಿಹೋಗಿದ್ರೆ ನೀವು ಪುದೀನ, ಕರಿಬೇವು, ಎರಡು ನಿಂಬೆಹಣ್ಣು ಎಲ್ಲಾ ಹೊತ್ತು ತರ್ತಿದ್ರಿ. ಅಪರೂಪಕ್ಕೆ ಒಮ್ಮೆ ತಂದಾಗ ಅಮ್ಮ ಕೊತ್ತಂಬರಿ ಕೈಗೆ ತಗೊಂಡು “ಬಾಡಿಹೋಗಿದೆ” ಅಂದಳು. ಆಟ ಅಲ್ಲಿಗೆ ಮುಗೀತು.

ನಿಮ್ಮ ಇನ್ನೊಂದು ಗುಟ್ಟು ಹೇಳ್ಲಾ? ಗೇಮಿನ ಜೋಳಿಗೆ ತೆಗೆದು ತೋರಿಸಿ. ಇನ್ನೂರು ಔಷಧಿ ಶೀಶೆ, ಮೂವತ್ತು ಬಾಂಬು, ಹೆಸರು ಓದೋಕೂ ಬಾರದ ಬೇರುನಾರು. ಯಾಕೆ ಖರ್ಚು ಮಾಡಿಲ್ಲ? “ಆಪತ್ತಿಗೆ ಇರ್ಲಿ” ಅಂತ. ಕೊನೇ ರಾಕ್ಷಸ ಬಂದಾಗಲೂ ತೆಗೀಲಿಲ್ಲ. ಅದಕ್ಕಿಂತ ದೊಡ್ಡ ಆಪತ್ತು ಎಲ್ಲಿಂದ ಬರ್ಬೇಕಿತ್ತು ಸ್ವಾಮಿ? ಅಟ್ಟದ ಮೇಲೆ ನೆಂಟರಿಗೆ ಅಂತ ಕಾಗದ ಸುತ್ತಿಟ್ಟ ಪಿಂಗಾಣಿ ಬಟ್ಟಲು ನಿಮ್ಮನೇಲೂ ಇರಬೇಕು, ನೋಡ್ಕೊಳ್ಳಿ.

ಆ ರಾಕ್ಷಸನ ಪಾಡಂತೂ ಕೇಳ್ಬೇಡಿ. ಮ್ಯಾಪ್ ಪೂರ್ತಿ ಗುಡಿಸಿ ಸಾರಿಸಿ ಬಂದ ನಿಮ್ಮ ಲೆವೆಲ್ ಎಲ್ಲೋ ಮಾಡಿನ ಮೇಲಿದೆ. ಅವನು ಉರಿಗಣ್ಣು ಬಿಟ್ಟು, ಐದು ನಿಮಿಷ ಭಾಷಣ ಹೊಡೆದು, ಎದ್ದು ನಿಂತ ಕೂಡಲೇ ಎರಡೇ ಏಟಿಗೆ ಮಕಾಡೆ. ಆಮೇಲೆ ನೀವು ಸ್ನೇಹಿತರ ಹತ್ರ ಹೇಳೋದು: “ಗೇಮ್ ಚೆನ್ನಾಗಿತ್ತು, ಕೊನೇಲಿ ಸಪ್ಪೆ ಮಾಡಿಬಿಟ್ರು ಕಣೋ.”

ಹಾಗಂತ ಸೈಡ್ ಕ್ವೆಸ್ಟ್, ಅಂದ್ರೆ ಮುಖ್ಯ ಕಥೆಯ ಪಕ್ಕದ ಈ ಚಿಲ್ಲರೆ ಕೆಲಸಗಳು, ಎಲ್ಲಾ ದಂಡ ಅಂತ ನಾನು ಹೇಳಿದ್ರೆ ನಾಲಿಗೆ ಬಿದ್ದು ಹೋದೀತು. ವಿಚರ್ 3ರ ಶುರುವಿನಲ್ಲೇ ಒಬ್ಬಳು ಮುದುಕಿ ಸಿಗ್ತಾಳಲ್ಲ, ಬೀಗ ಹಾಕಿದ ಗುಡಿಸಲ ಎದುರು? ಅವಳ ಬಾಣಲೆ ಒಳಗಿದೆ, ತಂದ್ಕೊಡಬೇಕು. ಅಷ್ಟೇ ಕೆಲಸ. ಬಾಗಿಲು ಒಡೆದು ಹೋದ್ರೆ ಒಳಗೊಂದು ಹೆಣ, ಸುಟ್ಟ ಕಾಗದ, ಫಳಫಳ ಹೊಳೆಯೋ ಬಾಣಲೆ. ಬಾಣಲೆ ಎರವಲು ತಗೊಂಡವನು ಅದರ ತಳದ ಮಸಿ ಕೆರೆದು, ಅದರಿಂದ ಶಾಯಿ ಮಾಡ್ಕೊಂಡು ಪತ್ರ ಬರೆದಿದ್ದಾನೆ ಅಂತ ಗೆರಾಲ್ಟ್ ತನ್ನ ಭೂತಗಣ್ಣು ಬಿಟ್ಟು ಪತ್ತೆ ಮಾಡ್ತಾನೆ.

ಕನ್ನಡದವನಿಗೆ ಭೂತಗಣ್ಣೂ ಬೇಡ, ಏನೂ ಬೇಡ. ನಮ್ಮಲ್ಲಿ ಬಾಣಲೆ ತಳದ್ದೂ ಮಸಿಯೇ, ದೌತಿಯೊಳಗಿದ್ದದ್ದೂ ಮಸಿಯೇ. (ಅಜ್ಜಿ ಆ ಹೊತ್ತಿಗೆ ಹೇಳಿದ್ದು ಮಾತ್ರ ಬೇರೆ: “ಎರವಲು ತಗೊಂಡ ಪಾತ್ರೆ ತಿಕ್ಕಿಟ್ಟಿದಾನೆ, ಒಳ್ಳೇ ಮನೆತನದವನು.”) ಐದು ನಿಮಿಷದ ಕೆಲಸ, ಬಾಣಲೆ ಕೊಟ್ಟಿದ್ದಕ್ಕೆ ಬಂಗಾರದ ಗಟ್ಟಿ ಏನೂ ಬರಲಿಲ್ಲ. ಆದ್ರೆ ಗೇಮಿನ ಅರ್ಧ ರಾಜಕೀಯ ನನಗೆ ಮರೆತುಹೋಗಿದೆ, ಆ ಮುದುಕಿ ಮರೆತಿಲ್ಲ.

ಮತ್ತೆ ಮತ್ತೆ ಮಾಡೋದೇ ಬೇಸರ ಅನ್ನೋಕೂ ನಾನು ತಯಾರಿಲ್ಲ. 2020ರ ‘ಘೋಸ್ಟ್ ಆಫ್ ತ್ಸುಶಿಮಾ’ದಲ್ಲಿ ನರಿ ಬಿಲ 49. ಬಿಲದಿಂದ ಒಂದು ನರಿ ಬರ್ತದೆ, ಅದರ ಹಿಂದೆ ಓಡಿದ್ರೆ ಒಂದು ಪುಟ್ಟ ಗುಡಿ, ಕೈಮುಗಿದು ಬರೋದು. ಪ್ರತಿ ಸಲ ಅದೇ. ಆದ್ರೆ ಎಷ್ಟೋ ಸಲ ನರಿ ನಿಂತು ಮೈ ಸವರಿಸ್ಕೊಳ್ತದೆ. ಹೇಳಿ, ಅದನ್ನ ಕೆಲಸ ಅಂತಾರಾ? 49 ಅಲ್ಲ, ಇನ್ನೊಂದು ಐವತ್ತು ಇಟ್ಟಿದ್ರೂ ನಾನು ಚಕಾರ ಎತ್ತುತ್ತಿರಲಿಲ್ಲ.

ನಮ್ಮ ಕಡೆ ಅಡಿಕೆ ಸುಲಿಯೋದು ನೋಡಿದೀರಾ? ರಾತ್ರಿ ಹನ್ನೆರಡರ ತನಕ ಒಂದೇ ಕೆಲಸ: ಕಾಯಿ ಎತ್ತು, ಕತ್ತಿಗೆ ಒತ್ತು, ಸಿಪ್ಪೆ ಅತ್ತ, ಅಡಿಕೆ ಇತ್ತ. ಇದಕ್ಕಿಂತ ದೊಡ್ಡ ಗ್ರೈಂಡ್, ಅಂದ್ರೆ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡೋದು, ಯಾವ ಗೇಮಲ್ಲೂ ಇಲ್ಲ. ಆದ್ರೆ ಬೇಸರ ಅಂತ ಎದ್ದು ಹೋದವರನ್ನ ನಾನು ಕಂಡಿಲ್ಲ. ಊರಿನ ಅಷ್ಟೂ ಮನೆಗಳ ಗುಟ್ಟು ಅಲ್ಲಿ ಸುಲಿದು ರಾಶಿ ಬೀಳ್ತಿತ್ತಲ್ಲ! ಈ ಗೇಮಿನವರು ಕಾಯಿ ಮಾತ್ರ ಗುಡ್ಡೆ ಹಾಕಿ, ಮಾತಾಡೋರನ್ನ ಕಳಿಸೋದು ಮರ್ತುಬಿಟ್ಟಿದಾರೆ.

ಮಾತಾಡೋರನ್ನ ನೀವೇ ಕರೆಸ್ಕೊಳ್ಳಬಹುದು. ನಾನು ಮಾಡಿದ್ದೂ ಅದೇ. ಗೇಮಿನ ಸೌಂಡ್ ಆಫ್ ಮಾಡಿ, ಫೋನಲ್ಲಿ ಒಂದು ತಾಳಮದ್ದಳೆ ಹಚ್ಚಿಟ್ಟು ಪೆಟ್ಟಿಗೆ ತೆಗೀತಾ ಹೋದೆ. ಕೃಷ್ಣ ಸಂಧಾನಕ್ಕೆ ಹೊರಟು ಕೌರವನ ಹತ್ರ ಮಾತು ಮುಗಿಸೋ ಹೊತ್ತಿಗೆ ನಂದು ಒಂದು ದ್ವೀಪದ ಸುತ್ತು ಖಾಲಿ. ಅಜ್ಜಿಗೂ ಖುಷಿ. ಮರುದಿನ ಅವಳೇ “ಸಮುದ್ರಕ್ಕೆ ಹೋಗಲ್ವಾ ಇವತ್ತು?” ಅಂತ ಕೇಳಿದ್ಲು.

ಇನ್ನೊಂದು ಉಪಾಯ ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಆ ಪ್ರಶ್ನಾರ್ಥಕ ಚಿಹ್ನೆಗಳನ್ನ ಮ್ಯಾಪಿನ ಸೆಟ್ಟಿಂಗಲ್ಲಿ ಅಡಗಿಸಿಡಬಹುದು. ಒಮ್ಮೆ ಅಡಗಿಸಿ ನೋಡಿ. ಅದೇ ಊರು, ಅದೇ ಗುಡ್ಡ, ಆದ್ರೆ ದೂರದಲ್ಲಿ ಹೊಗೆ ಕಂಡ್ರೆ ಮಾತ್ರ ಆ ಕಡೆ ತಿರುಗ್ತೀರಿ. ಒಂದೇ ಥರದ ಡಕಾಯಿತರ ಬಿಡಾರ ಮೂರು ನೋಡಿದ್ರೆ ನಾಲ್ಕನೇದಕ್ಕೆ ದೂರದಿಂದಲೇ ನಮಸ್ಕಾರ. ಧರ್ಮಸ್ಥಳಕ್ಕೆ ಅಂತ ಹೊರಟವರು ದಾರಿಯಲ್ಲಿ ಸಿಕ್ಕ ಗುಡಿಗೆ ಕೈಮುಗಿದು ಹೋಗ್ತಾರೆ, ಇಳಿದು ಪೂಜೆ ಚೀಟಿ ಮಾಡಿಸ್ತಾ ಕೂರಲ್ಲ. (ನಮ್ಮ ದೊಡ್ಡಪ್ಪನ ಟೆಂಪೋ ಟ್ರಾವೆಲರ್ ಬಿಟ್ಟು. ಅವರು ಇನ್ನೂ ಕಳಸದಲ್ಲಿದ್ದಾರೆ.)

ನಾನು ಅಡಗಿಸಿದೆನಾ ಅಂತ ಕೇಳ್ಬೇಡಿ. ಎರಡು ದಿನ ಅಡಗಿಸಿದ್ದೆ. ಮೂರನೇ ದಿನ, ಎಷ್ಟು ಉಳಿದಿರಬಹುದು ಅಂತ ಸುಮ್ನೆ ನೋಡೋಕೆ ತೆಗೆದೆ.

ಕಾರ್ತಿಕದಲ್ಲಿ ಅಜ್ಜಿಯ ಲೆಕ್ಕ ಪೂರ್ತಿಯಾಯ್ತು. ಸಾವಿರ ಕಟ್ಟು, ಒಂದು ಲಕ್ಷ. ತುಪ್ಪದಲ್ಲಿ ಅದ್ದಿ, ದೊಡ್ಡ ಬಾಣಲೆಯಲ್ಲಿಟ್ಟು ದೇವಸ್ಥಾನದ ಅಂಗಳದಲ್ಲಿ ಹಚ್ಚಿದ್ರು. ಹೊಸೆಯೋಕೆ ಎಂಟು ತಿಂಗಳು ಹಿಡಿದಿತ್ತು, ಉರಿದು ಮುಗಿಯೋಕೆ ಒಂದು ಸಂಜೆಯೂ ಬೇಕಾಗ್ಲಿಲ್ಲ. ಅಜ್ಜಿ ಕೈಮುಗಿದು, ಪ್ರಸಾದ ತಿಂದು, ಮನೆಗೆ ಬಂದು, ಬರೀ ಕೈಯಲ್ಲಿ ನನ್ನ ಪಕ್ಕ ಕೂತ್ಲು. ಹೊಸೆಯೋಕೆ ಇನ್ನೇನೂ ಇರ್ಲಿಲ್ಲ.

“ನಂದು ಮುಗೀತು ಮಾರಾಯ. ಇನ್ನಾದ್ರೂ ಆ ಹುಡುಗಿನ ಹುಡುಕು ನೋಡಣ.”

ಸಮುದ್ರದಲ್ಲಿ ಇನ್ನೂ ಹದಿನೇಳು ಉಳಿದಿತ್ತು. ಅಜ್ಜಿ ಮುಖ ನೋಡಿ ದೋಣಿ ತಿರುಗಿಸಿದೆ. ಹನ್ನೊಂದು ದಿನ ಹಿಡೀತು, ಹುಡುಗಿ ಸಿಕ್ಕಳು. ಎಲ್ಲಿ ಅಂತ ಹೇಳಲ್ಲ, ನೀವಿನ್ನೂ ಅಲ್ಲಿ ತನಕ ಬಂದಿಲ್ಲ ಅಂತ ನನಗೆ ಗೊತ್ತು. ಪೆಟ್ಟಿಗೇಲಂತೂ ಇರ್ಲಿಲ್ಲ.